ಅಜ್ಜನ ಮನೆಯ ಹಳೇ ಕಪಾಟುಗಳು: ಪೂರ್ತಿ ಉಜ್ಜಿ ಪಾಲಿಶ್ ಮಾಡಬೇಕಾ, ಬೇರೆ ದಾರಿ ಇದೆಯಾ?

ತುಂಗೆತಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮ ಅಮ್ಮನ ತವರುಮನೆಯನ್ನು ಈ ವರ್ಷ ಬಿಚ್ಚಿಸಿದರು. ಹೊಸ ಮನೆ ಕಟ್ಟುತ್ತಿದ್ದಾರೆ, ಹಳೇ ಸಾಮಾನು ಯಾರಿಗೂ ಬೇಡ. ನಾನು ಜಗಳವಾಡಿ ಎರಡು ಕಪಾಟು ಶಿವಮೊಗ್ಗದ ನಮ್ಮ ಮನೆಗೆ ತಂದಿದ್ದೇನೆ. ಈಗ ಎರಡೂ ಹಾಲ್‌ನಲ್ಲಿ ನಿಂತಿವೆ, ನಮ್ಮ ಮನೆಯವರು ದಿನಾ ಒಂದು ಸಲ ಅವುಗಳನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ.

ಒಂದು, ಗಾಜಿನ ಬಾಗಿಲಿನ ಕಪಾಟು. ಬೀಟೆ ಮರ ಅಂತ ಮಾವ ಹೇಳಿದರು. ಪಾಲಿಶ್ ಇದೆ, ಆದರೆ ಕಪ್ಪಾಗಿದೆ, ಅಲ್ಲಲ್ಲಿ ಸಣ್ಣ ಸಣ್ಣ ಬಿರುಕು, ಮೇಲ್ಗಡೆ ಒಂದೆರಡು ಬಿಳಿ ಉಂಗುರ, ಯಾರೋ ಬಿಸಿ ಲೋಟ ಇಟ್ಟಿರಬೇಕು. ಕೈಗೆ ಅಂಟಂಟು.

ಇನ್ನೊಂದು, ಅಡುಗೆಮನೆಯಲ್ಲಿ ಇದ್ದದ್ದು, ಹಲಸಿನ ಮರದ್ದು. ಇದಕ್ಕೆ ಹಸಿರು ಎನಾಮಲ್ ಬಣ್ಣ ಹೊಡೆದಿದ್ದಾರೆ. ಬಣ್ಣ ಎದ್ದ ಕಡೆ ಕೆಳಗೆ ಕೆನೆ ಬಣ್ಣ ಕಾಣುತ್ತದೆ, ಅದರ ಕೆಳಗೆ ಇನ್ನೊಂದು ಹಸಿರು. ಬಾಗಿಲಿನ ಅಂಚಿನಲ್ಲಿ ಸಣ್ಣ ಕೆತ್ತನೆ ಇದೆ, ಬಣ್ಣ ತುಂಬಿ ಅದು ಮುಚ್ಚೇ ಹೋಗಿದೆ. ಮೇಲೆಲ್ಲಾ ಒಗ್ಗರಣೆ ಜಿಡ್ಡು.

ಇಲ್ಲಿಯ ಪಾಲಿಶ್‌ನವರೊಬ್ಬರನ್ನು ಕರೆಸಿದ್ದೆ. ಎರಡಕ್ಕೂ ಮಷೀನ್ ಹೊಡೆದು ಹೊಸ ಮರದ ಹಾಗೆ ಮಾಡಿ ಮೆಲಮೈನ್ ಅನ್ನುವ ಗಟ್ಟಿ ಕೆಮಿಕಲ್ ಪಾಲಿಶ್ ಕೊಡುತ್ತೇನೆ ಅಂದರು. ಅವರು ಹೇಳಿದ ದುಡ್ಡು ಕೇಳಿದ ಮೇಲೆ ನಾನೇ ಮಾಡಿದರೆ ಹೇಗೆ ಅಂತ ಯೋಚನೆ ಬಂತು. ಕೈಕೆಲಸ ಇಷ್ಟ, ಅವಸರ ಇಲ್ಲ, ಗೌರಿ ಹಬ್ಬದೊಳಗೆ ಆದರೆ ಖುಷಿ. ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ. ಎಲ್ಲಿಂದ ಶುರು ಮಾಡಲಿ? ಸ್ಯಾಂಡ್‌ಪೇಪರ್ ಸಾಕಾ, ಬಣ್ಣ ತೆಗೆಯುವ ಕೆಮಿಕಲ್ ಬೇಕಾ? ಯೂಟ್ಯೂಬಿನಲ್ಲಿ ಎಲ್ಲರೂ ಅಗಸೆ ಎಣ್ಣೆ ಹಚ್ಚುತ್ತಾರೆ, ಅದು ಸಾಕಾಗುತ್ತದಾ?

---

ಉಳಿಸುತ್ತಿಗೆ ಬರೆದದ್ದು:

ಅಕ್ಕ, ಮೊದಲ ಮಾತು: ಆ ಬೀಟೆ ಕಪಾಟಿಗೆ ಮಷೀನ್ ಮುಟ್ಟಿಸಬೇಡಿ. ನಿಮ್ಮ ವಿವರಣೆ ನೋಡಿದರೆ ಅದು ಹಾಳಾಗಿಲ್ಲ, ಕೊಳೆಯಾಗಿದೆ ಅಷ್ಟೇ. ನಮ್ಮ ತಂದೆ ಬೆಂಗಳೂರಿನಲ್ಲಿ ಪಾಲಿಶ್ ಕೆಲಸ ಮಾಡಿಕೊಂಡಿದ್ದವರು. ಯಾರಾದರೂ ಹಳೇ ಸಾಮಾನು ತಂದರೆ ಸ್ಯಾಂಡ್‌ಪೇಪರ್ ಹಿಡಿಯುವ ಮುಂಚೆ ಮೇಲೆ ಇರುವುದು ಏನು ಅಂತ ನೋಡುತ್ತಿದ್ದರು. ಈಗಿನವರು ಅದನ್ನು ನೋಡುವುದೇ ಇಲ್ಲ, ಏನಿದ್ದರೂ ಉಜ್ಜಿ ಹಾಕುವುದು. ಬಿಲ್ ಕೂಡ ಉಜ್ಜಿದ್ದಕ್ಕೇ ಜಾಸ್ತಿ ಬರುತ್ತದೆ ನೋಡಿ.

ನೋಡುವುದು ಸುಲಭ. ಕಪಾಟಿನ ಹಿಂದೆ, ಯಾರಿಗೂ ಕಾಣದ ಕಡೆ, ಹತ್ತಿಯಲ್ಲಿ ಪಾಲಿಶ್ ಸ್ಪಿರಿಟ್ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಕರಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಏನೂ ಆಗದೆ ಎನ್‌ಸಿ ಥಿನ್ನರ್‌ಗೆ ಕರಗಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಕರಗದಿದ್ದರೆ ಎಣ್ಣೆ ವಾರ್ನಿಶ್, ಇಲ್ಲವೇ ಪಿಯು (ಪಾಲಿಯುರೆಥೇನ್), ಮೆಲಮೈನ್ ಥರದ್ದು. ಸ್ಪಿರಿಟನ್ನೇ ಮೊದಲು ಹಾಕಿ ನೋಡಿ, ಯಾಕೆಂದರೆ ಥಿನ್ನರ್‌ಗೆ ಅರಗೂ ಮೆತ್ತಗಾಗುತ್ತದೆ, ಆಗ ಗೊಂದಲ. ಅಜ್ಜನ ಕಾಲದ್ದು, ಬಿಸಿ ಲೋಟಕ್ಕೆ ಬಿಳಿ ಉಂಗುರ ಬಂದಿದೆ ಅಂದರೆ ನನ್ನ ಪ್ರಕಾರ ಅರಗೇ.

ಒಂದು ವಿಷಯ ತಿಳಿದಿರಲಿ. ಬೀಟೆ ಮರದೊಳಗಿನ ಬಣ್ಣವೂ ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಟ್ಟೆಗೆ ನೇರಳೆ ಕೆಂಪು ಬಂದರೆ ಗಾಬರಿ ಬೇಡ. ಪಕ್ಕದಲ್ಲಿ ತಿಳಿ ಬಣ್ಣದ ಮರದ ಪಟ್ಟಿ ಇದ್ದರೆ ಮಾತ್ರ ಆ ಬಣ್ಣ ಅದಕ್ಕೆ ಹತ್ತದ ಹಾಗೆ ನೋಡಿಕೊಳ್ಳಿ.

ಅರಗು ಅಂತ ಗೊತ್ತಾದರೆ ನಿಮ್ಮ ಕೆಲಸ ಅರ್ಧಕ್ಕರ್ಧ ಕಮ್ಮಿ. ಅರಗಿನ ದೊಡ್ಡ ಗುಣ ಏನೆಂದರೆ ಅದು ಎಷ್ಟು ವರ್ಷ ಹಳೆಯದಾದರೂ ಸ್ಪಿರಿಟ್‌ಗೆ ಮತ್ತೆ ಕರಗುತ್ತದೆ, ಹೊಸ ಪದರ ಹಳೇ ಪದರದೊಳಗೆ ಸೇರಿ ಒಂದೇ ಆಗುತ್ತದೆ. ಪಿಯು, ಮೆಲಮೈನ್‌ಗಳಲ್ಲಿ ಇದು ಸಾಧ್ಯವೇ ಇಲ್ಲ. ಹಾಗಾಗಿ ಕಿತ್ತು ಹಾಕುವ ಪ್ರಶ್ನೆ ಬರುವುದಿಲ್ಲ. ಮೊದಲು ಮಿನರಲ್ ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ ಒರೆಸಿ. ಟರ್ಪೆಂಟೈನ್‌ಗೆ ಅರಗು ಕರಗುವುದಿಲ್ಲ, ಆದರೆ ಹಳೇ ಮೇಣ, ಜಿಡ್ಡು, ದೀಪದ ಮಸಿ ಎಲ್ಲಾ ಬರುತ್ತದೆ. ಬಟ್ಟೆ ಬದಲಿಸುತ್ತಾ ಹೋಗಿ, ಕಪ್ಪು ಬರುವುದು ನಿಲ್ಲುವ ತನಕ. ಎಷ್ಟೋ ಸಲ ಇಷ್ಟಕ್ಕೇ ಮರದ ಗೆರೆ ಎದ್ದು ಕಾಣುತ್ತದೆ, ಮನೆಯವರು ಇದು ಅದೇ ಕಪಾಟಾ ಅಂತ ಕೇಳುತ್ತಾರೆ.

ಆಮೇಲೆ ಅರಗು. ಹಾರ್ಡ್‌ವೇರ್ ಅಂಗಡಿಯಲ್ಲಿ ಚಪ್ಡಾ ಅಥವಾ ಶೆಲ್ಯಾಕ್ ಅಂತ ಕೇಳಿ, ತೆಳು ಹಾಳೆ ಚೂರುಗಳ ಹಾಗೆ ಇರುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಹಾಕಿದರೆ ತೆಳು ಪಾಲಿಶ್, 240 ಹಾಕಿದರೆ ಗಟ್ಟಿ. ನಿಮಗೆ ತೆಳುವೇ ಸಾಕು, ಹೊಸಬರ ಕೈಗೆ ಅದೇ ಒಳ್ಳೆಯದು. ಗಾಜಿನ ಜಾಡಿಯಲ್ಲಿ ರಾತ್ರಿ ನೆನೆಹಾಕಿ, ಆಗಾಗ ಅಲ್ಲಾಡಿಸಿ, ಬೆಳಗ್ಗೆ ಹಳೇ ಪಂಚೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ಒಮ್ಮೆ ಕಲಸಿದ್ದನ್ನು ವರ್ಷಗಟ್ಟಲೆ ಇಡಬೇಡಿ, ಹಳತಾದರೆ ಸರಿಯಾಗಿ ಒಣಗುವುದೇ ಇಲ್ಲ, ಅಂಟಿಕೊಂಡೇ ಇರುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ.

ಹಚ್ಚುವುದು ಬ್ರಶ್‌ನಲ್ಲಲ್ಲ. ಹತ್ತಿಯ ಉಂಡೆ ಮಾಡಿ ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಪಾಲಿಶನ್ನು ಒಳಗಿನ ಹತ್ತಿಗೆ ಕುಡಿಸಿ, ಹಿಂಡಿದಾಗ ಸ್ವಲ್ಪವೇ ಒಸರಬೇಕು. ಮರದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮ ಎಳೆಯಿರಿ, ಅಂಚು ದಾಟಿ ಹೊರಗೆ ಹೋದ ಮೇಲೆ ಕೈ ಎತ್ತಿ. ಮಧ್ಯದಲ್ಲಿ ಉಂಡೆ ನಿಂತರೆ ಅಲ್ಲೇ ಅಂಟಿ ಗುರುತು ಬೀಳುತ್ತದೆ. ಹಳೇ ಬಿರುಕುಗಳು ಸ್ಪಿರಿಟ್‌ಗೆ ಮೆತ್ತಗಾಗಿ ತಾವೇ ಕೂಡಿಕೊಳ್ಳುತ್ತವೆ. ಉಂಡೆ ಜಗ್ಗತೊಡಗಿದರೆ ತಳಕ್ಕೆ ಒಂದು ಹನಿ ಅಗಸೆ ಎಣ್ಣೆ ಮುಟ್ಟಿಸಿ, ಒಂದೇ ಹನಿ. ತೆಳ್ಳಗೆ ಹಲವು ಕೈ, ನಡುವೆ ಒಣಗಲು ಸಮಯ. ಬಿಳಿ ಉಂಗುರಗಳು ಅರಗಿನ ಪದರದಲ್ಲಿ ಸೇರಿದ ತೇವ, ಸಾಧಾರಣವಾಗಿ ಸ್ಪಿರಿಟ್ ಉಂಡೆ ಹಗುರವಾಗಿ ಆಡಿಸಿದರೇ ಹೋಗುತ್ತವೆ. ಕಪ್ಪು ಉಂಗುರ ಇದ್ದರೆ ಅದು ಬೇರೆ ಕಥೆ, ಅದು ಮರಕ್ಕೇ ಇಳಿದದ್ದು.

ಕೊನೆಗೆ ಅಗಸೆ ಎಣ್ಣೆ. ಬೀಟೆಯ ಮೇಲೆ ಅಗಸೆ ಎಣ್ಣೆಯಾಗಲಿ, ಎಣ್ಣೆ ವಾರ್ನಿಶ್ ಆಗಲಿ ನೇರವಾಗಿ ಹಚ್ಚಬೇಡಿ. ಆ ಮರದೊಳಗೆ ಇರುವ ಅಂಶಗಳೇ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ, ವಾರ ಕಳೆದರೂ ಕೈಗೆ ಅಂಟುತ್ತದೆ. ಏನೇ ಹಚ್ಚುವುದಿದ್ದರೂ ಕೆಳಗೆ ಅರಗಿನ ಒಂದು ಪದರ ಇರಬೇಕು.

---

ತುಂಗೆತಟ ಬರೆದದ್ದು:

ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗಷ್ಟೇ ಹಿಂಬದಿಯಲ್ಲಿ ಸ್ಪಿರಿಟ್ ಇಟ್ಟು ನೋಡಿದೆ, ಹತ್ತಿ ಅಂಟಿಕೊಂಡೇ ಬಿಟ್ಟಿತು, ಕಂದು ಬಣ್ಣವೂ ಬಂತು. ಹಾಗಾದರೆ ಅರಗು! ಹಸಿರು ಕಪಾಟಿನ ಬಗ್ಗೆಯೂ ಯಾರಾದರೂ ಹೇಳಿ. ಅದನ್ನು ನಾಳೆಯಿಂದಲೇ ಸ್ಯಾಂಡ್‌ಪೇಪರಿನಲ್ಲಿ ಶುರು ಮಾಡೋಣ ಅಂತಿದ್ದೇನೆ, ಹೊರಗೆ ಮಳೆ, ಹಾಲ್‌ನಲ್ಲೇ ಕೂತು ಮಾಡಬಹುದು ಅಲ್ವಾ?

---

ಬಣ್ಣದಂಗಡಿ ಬರೆದದ್ದು:

ಮೇಡಂ, ನಿಲ್ಲಿ. ಆ ಹಸಿರು ಬಣ್ಣವನ್ನು ಒಣ ಸ್ಯಾಂಡ್‌ಪೇಪರಿನಲ್ಲಿ ಉಜ್ಜಬೇಡಿ, ಅದೂ ಹಾಲ್‌ನಲ್ಲಿ, ಅದೂ ಮಗು ಇರುವ ಮನೆಯಲ್ಲಿ.

ನಮ್ಮದು ದಾವಣಗೆರೆಯಲ್ಲಿ ಬಣ್ಣದ ಅಂಗಡಿ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮುಖ್ಯವಾಗಿ ಹಳದಿ, ಹಸಿರು, ಕೆಂಪುಗಳಲ್ಲಿ, ಯಾಕೆಂದರೆ ಆ ಹೊಳೆಯುವ ಹಳದಿ ಪುಡಿಯೇ ಸೀಸದ್ದು, ಅದಕ್ಕೆ ನೀಲಿ ಸೇರಿಸಿ ಹಸಿರು ಮಾಡುತ್ತಿದ್ದರು. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ ಕಡ್ಡಾಯ ಮಾಡಿದ್ದೇ 2016ರ ನಿಯಮದಲ್ಲಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ 1978ರಲ್ಲೇ ನಿಂತಿತ್ತು, ಲೆಕ್ಕ ಹಾಕಿ. ನಿಮ್ಮ ಕಪಾಟಿನ ಎರಡು ಹಸಿರು ಪದರಗಳೂ ಅದಕ್ಕಿಂತ ಹಳೆಯವು ಇರಬಹುದು. ಸೀಸ ಇದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ, ಅದರಲ್ಲಿ ನಷ್ಟ ಏನೂ ಇಲ್ಲ.

ಬಣ್ಣ ಗೋಡೆಯ ಮೇಲೋ ಕಪಾಟಿನ ಮೇಲೋ ಗಟ್ಟಿಯಾಗಿ ಕೂತಿದ್ದರೆ ಅಪಾಯ ಕಮ್ಮಿ. ಉಜ್ಜಿದಾಗ ಏಳುವ ಧೂಳೇ ಅಪಾಯ. ಅದು ನೆಲಕ್ಕೆ ಕೂರುತ್ತದೆ, ಮಕ್ಕಳು ನೆಲದ ಮೇಲೆ ಆಡಿ ಕೈ ಬಾಯಿಗೆ ಹಾಕುತ್ತಾರೆ. ಮಕ್ಕಳ ಮೆದುಳಿಗೆ ಸೀಸ ಸ್ವಲ್ಪವೂ ಒಳ್ಳೆಯದಲ್ಲ, ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹೀಟ್ ಗನ್ ಹಿಡಿದು ಸುಡುವುದೂ ಬೇಡ, ಬಿಸಿ ಜಾಸ್ತಿಯಾದರೆ ಹೊಗೆಯಲ್ಲೇ ಸೀಸ ಬರುತ್ತದೆ.

ದಾರಿ ಅಂದರೆ ಪೇಂಟ್ ರಿಮೂವರ್, ಜೆಲ್ ಥರ ಗಟ್ಟಿ ಇರುವುದು. ವರಾಂಡದಲ್ಲಿ, ಗಾಳಿ ಆಡುವ ಕಡೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಅಂತ ಬರೆದಿದ್ದರೆ ಮುಚ್ಚಿದ ಕೋಣೆಯಲ್ಲಿ ಅದನ್ನು ತೆರೆಯಲೇಬೇಡಿ. ಬಚ್ಚಲುಮನೆಯಂಥ ಸಣ್ಣ ಜಾಗದಲ್ಲಿ ಅದನ್ನು ಬಳಸಿ ಪ್ರಾಣ ಹೋದವರಿದ್ದಾರೆ. ಬಟ್ಟೆಯ ಮಾಸ್ಕ್ ಆ ಹೊಗೆಗೆ ಏನೇನೂ ಸಾಲದು. ತೆಳು ಆಸ್ಪತ್ರೆ ಗ್ಲೌಸ್ ಸಹ ಕರಗಿ ಹೋಗುತ್ತದೆ, ಕೆಮಿಕಲ್‌ಗೆ ತಡೆಯುವ ದಪ್ಪ ಗ್ಲೌಸ್ ಅಂತಲೇ ಕೇಳಿ ತನ್ನಿ. ಕಣ್ಣಿಗೆ ಕನ್ನಡಕ.

ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಡಿ. ಬಣ್ಣ ಸುಕ್ಕಾಗಿ ಎದ್ದು ನಿಲ್ಲುತ್ತದೆ. ಆಗ ಮೊಂಡು ಪಟ್ಟಿಯಿಂದ ಮರದ ಗೆರೆಯ ಉದ್ದಕ್ಕೇ ಕೆರೆಯಿರಿ. ಮೂರು ಪದರ ಅಂದಿರಿ, ಒಂದೇ ಸಲಕ್ಕೆ ಬರಲ್ಲ, ಇನ್ನೊಮ್ಮೆ ಮೆತ್ತಬೇಕು. ಕೆತ್ತನೆಗೆ ಹಳೇ ಹಲ್ಲುಜ್ಜುವ ಬ್ರಶ್, ಸಂದಿಗಳಿಗೆ ಸೆಣಬಿನ ಹುರಿಯನ್ನು ರಿಮೂವರ್‌ನಲ್ಲಿ ಅದ್ದಿ ಗರಗಸದ ಹಾಗೆ ಆಚೆ ಈಚೆ ಎಳೆಯಿರಿ, ತುಂಬಾ ಚೆನ್ನಾಗಿ ಬರುತ್ತದೆ. ಸ್ಟೀಲ್ ಉಲ್ಲನ್ ಬೇಡ, ಅದರ ಎಳೆ ಸಿಕ್ಕಿಕೊಂಡು ಆಮೇಲೆ ತುಕ್ಕು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ತೆಂಗಿನ ನಾರು ಅದಕ್ಕಿಂತ ಒಳ್ಳೆಯದು. ಕೆರೆದ ಬಣ್ಣ ಹಿತ್ತಲಿಗೆ ಎಸೆಯಬೇಡಿ, ತರಕಾರಿ ಮಡಿಗಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಸಮೇತ ಮಡಿಸಿ ಕಟ್ಟಿ, ಅಪಾಯದ ಕಸ ಅಂತ ಬೇರೆಯಾಗಿ ಕೊಡಿ.

ಇದೆಲ್ಲಕ್ಕಿಂತ ಮುಂಚೆ ಜಿಡ್ಡು ತೆಗೆಯಿರಿ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಜಿಡ್ಡಿನ ಮೇಲೆ ರಿಮೂವರ್ ಹಾಕಿದರೆ ಅರ್ಧ ಜಿಡ್ಡಿಗೇ ಖರ್ಚಾಗುತ್ತದೆ. ಕೆಲವರು ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದುತ್ತಾರೆ, ಬಣ್ಣವೇನೋ ಹೋಗುತ್ತದೆ, ಮರ ಕಪ್ಪಾಗುತ್ತದೆ, ಚರ್ಮ, ಮೂಳೆ ಕಾಯಿಸಿ ಮಾಡಿದ ಹಳೇ ಅಂಟು ಕರಗಿ ಬಾಗಿಲಿನ ಮರದ ಜೋಡಣೆಗಳೇ ಕಳಚುತ್ತವೆ.

---

ಕುಂದಾಪ್ರದವ ಬರೆದದ್ದು:

ಬಣ್ಣದಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದೆರಡು ಮಾತು ಸೇರಿಸುತ್ತೇನೆ.

ಗೌರಿ ಹಬ್ಬದ ಆಸೆ ಬಿಡಿ ಮಾರಾಯ್ರೆ! ಈ ಮಳೆಯಲ್ಲಿ ಅರಗಿನ ಪಾಲಿಶ್ ಹಚ್ಚಿದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದರ ಬಿಳಿ ಅದು. ಎನ್‌ಸಿ ಲ್ಯಾಕರ್‌ನದ್ದೂ ಇದೇ ಹಣೆಬರಹ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಲಿಶ್ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಶಿವಮೊಗ್ಗ ಕರಾವಳಿಯಷ್ಟು ಅಲ್ಲದಿದ್ದರೂ ಮಲೆನಾಡಿನ ಬಾಗಿಲೇ ಅಲ್ವಾ. ಈಗ ಒರೆಸುವುದು, ಬಣ್ಣ ತೆಗೆಯುವುದು, ರಿಪೇರಿ ಇಷ್ಟು ಮಾಡಿಕೊಳ್ಳಿ. ದೀಪಾವಳಿ ಮುಗಿದು ಬಿಸಿಲು ನಿಂತ ಮೇಲೆ ಪಾಲಿಶ್.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿದೆ ಅಂತ ತೋಪಡಾ (ಕೀಸುಳಿ) ಹಾಕಿ ಕೆತ್ತಿಸಬೇಡಿ. ಮರ ಉಬ್ಬಿರುತ್ತದೆ ಅಷ್ಟೇ. ಮಾರ್ಚ್ ಬಂದಾಗ ಅದೇ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತದೆ.

ಯಾರಾದರೂ ಗೇರೆಣ್ಣೆ ಹಚ್ಚಿ ಅಂತ ಸಲಹೆ ಕೊಡಬಹುದು, ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಗೇರುಬೀಜದ ಸಿಪ್ಪೆಯಿಂದ ಬರುವ ಎಣ್ಣೆ, ಪಕಾಸು (ಮಾಡಿನ ಮರದ ಪಟ್ಟಿ), ಕಿಟಕಿ ಚೌಕಟ್ಟು, ದೋಣಿಗೆ ಬಳಿಯುತ್ತಿದ್ದರು. ಗೆದ್ದಲು ಹತ್ತಿರ ಬರುವುದಿಲ್ಲ, ನೀರೂ ಇಳಿಯುವುದಿಲ್ಲ. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಮರ ಕಪ್ಪಾಗಿ ಬಿಡುತ್ತದೆ. ಕಪಾಟಿನ ಕಾಲಿನ ತಳ, ಗೋಡೆಗೆ ಒರಗುವ ಹಿಂಬದಿ, ಇಷ್ಟಕ್ಕೆ ಹಚ್ಚಿದರೆ ಲಾಭ ಇದೆ. ಪಾತ್ರೆ, ದಿನಸಿ ಇಡುವ ಒಳಗಡೆಗೆ ಬೇಡ.

---

ದೂರದೂರು ಬರೆದದ್ದು:

ನ್ಯೂಜೆರ್ಸಿಯಿಂದ. ಎಲ್ಲರೂ ಬಯ್ಯುತ್ತೀರಿ ಅಂತ ಗೊತ್ತಿದ್ದೂ ಕೇಳುತ್ತೇನೆ. ಹಲಸಿನ ಕಪಾಟಿನ ಬಣ್ಣ ತೆಗೆಯಲೇಬೇಕಾ? ಅಜ್ಜಿಯ ಕಾಲದಲ್ಲಿ ಹಸಿರೇ ಇತ್ತು, ಹಸಿರಾಗಿಯೇ ಇರಲಿ. ಇಲ್ಲಿ ನಾವು ಓಕ್ ಮರದ ಹಳೇ ಕಿಚನ್ ಕ್ಯಾಬಿನೆಟ್‌ಗಳನ್ನು ಕೀಳದೆ ಬಣ್ಣ ಬಳಿದೇ ಹೊಸದು ಮಾಡಿಕೊಂಡೆವು. ಇಲ್ಲಿ ಕೂಲಿ ಕೊಟ್ಟು ಬದುಕುವುದು ಕಷ್ಟ, ಹಾಗಾಗಿ ಅರ್ಧ ಊರು ಇದನ್ನೇ ಮಾಡುತ್ತದೆ. ಜಿಡ್ಡು ಪೂರ್ತಿ ತೆಗೆಯುವುದೇ ಮುಕ್ಕಾಲು ಕೆಲಸ. ಹಿಡಿಕೆಯ ಸುತ್ತ ಕೈಯೆಣ್ಣೆ ಉಳಿದರೆ ಮೊದಲು ಅಲ್ಲೇ ಬಣ್ಣ ಏಳುತ್ತದೆ. ಆಮೇಲೆ ಹಗುರಾಗಿ ಗರಸು ಮಾಡಿ, ಚೆನ್ನಾಗಿ ಹಿಡಿಯುವ ಪ್ರೈಮರ್ ಹಾಕಿ, ಮೇಲೆ ಎರಡು ಕೈ ಬಣ್ಣ. ಬಣ್ಣ ಒಣಗಿದ್ದು ಬೇರೆ, ಗಟ್ಟಿಯಾಗುವುದು ಬೇರೆ. ಕೆಲವು ವಾರ ಬಾಗಿಲನ್ನು ಮೆಲ್ಲಗೆ ಹಾಕಬೇಕು.

ಸೀಸದ ಬಣ್ಣವಾದರೆ ಇದಕ್ಕೆ ಇನ್ನೊಂದು ಲಾಭ ಇದೆ. ಎದ್ದ ಕಡೆ ಮಾತ್ರ ನೀರು ಹಾಕಿ ಒದ್ದೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಹೊಸ ಬಣ್ಣದಿಂದ ಮುಚ್ಚಿಬಿಟ್ಟರೆ ಧೂಳೇ ಏಳುವುದಿಲ್ಲ.

ಅಂದಹಾಗೆ ಬೀಟೆ ಕಪಾಟನ್ನು ಮುಂದೆ ಯಾರಾದರೂ ಹೊರದೇಶಕ್ಕೆ ತರಬೇಕು ಅಂತ ಯೋಚಿಸಿದರೆ, 2017ರಿಂದ ಬೀಟೆ ಜಾತಿಯ ಮರಗಳೆಲ್ಲಾ ಸೈಟಿಸ್ (ಅಳಿವಿನ ಅಪಾಯ ಇರುವ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿಯಲ್ಲಿವೆ. ಅನುಮತಿ ಪತ್ರ ಇಲ್ಲದೆ ಕಂಟೇನರ್‌ಗೆ ಹಾಕಬೇಡಿ. ನಮ್ಮ ಅತ್ತೆಯ ಮಂಚ ಇದೇ ಕಾರಣಕ್ಕೆ ಇನ್ನೂ ಮೈಸೂರಿನಲ್ಲೇ ಇದೆ.

---

ಉಳಿಸುತ್ತಿಗೆ ಬರೆದದ್ದು:

ಬಯ್ಯುವುದಿಲ್ಲ ಸರ್, ಪ್ಲೈವುಡ್‌ಗೆ, ಸಾಧಾರಣ ಮರಕ್ಕೆ ನಿಮ್ಮ ಮಾತು ಸರಿ. ಆದರೆ ಇವರ ಕಪಾಟಿನಲ್ಲಿ ಮೂರು ಪದರದ ಕೆಳಗೆ ಕೆತ್ತನೆ ಮುಚ್ಚಿಹೋಗಿದೆ, ನಾಲ್ಕನೆಯದು ಬಂದರೆ ಅಲ್ಲೊಂದು ಕೆತ್ತನೆ ಇತ್ತು ಅಂತಲೂ ಗೊತ್ತಾಗುವುದಿಲ್ಲ. ಹೊರಮೈ, ಬಾಗಿಲು ತೆಗೆಯಲಿ. ಒಳಗೆ, ಹಿಂದೆ ಬಣ್ಣ ಗಟ್ಟಿ ಇದ್ದರೆ ನೀವು ಹೇಳಿದ ಹಾಗೆ ಮುಚ್ಚಲಿ. ಎಲ್ಲಾ ಕಡೆ ಮರ ಕಾಣಲೇಬೇಕು ಅಂತ ಹಟ ಯಾಕೆ.

ಅಕ್ಕ, ಹಲಸಿನ ಮರದ ಬಗ್ಗೆ ಮುಂಚೆಯೇ ಹೇಳಿಬಿಡುತ್ತೇನೆ. ಬಣ್ಣ ತೆಗೆದು ಉಜ್ಜಿದ ತಕ್ಷಣ ಮರ ಹಳದಿಯಾಗಿ ಕಾಣುತ್ತದೆ, ಕೆಲವು ಕಡೆ ಅರಿಶಿನದಷ್ಟು ಹಳದಿ. ಇದು ಯಾವ ಮರ ಅಂತ ಅನುಮಾನ ಬರಬಹುದು. ಬೆಳಕಿಗೆ ಬಿಟ್ಟರೆ ತಿಂಗಳುಗಳಲ್ಲಿ ತಾನೇ ಕಂದು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅವಸರಪಟ್ಟು ಕಡು ಸ್ಟೇನ್ (ಮರಕ್ಕೆ ಇಳಿಯುವ ಬಣ್ಣ) ಹಚ್ಚಿದರೆ ಆಮೇಲೆ ಮರವೂ ಕಪ್ಪಾಗಿ ಸ್ಟೇನೂ ಸೇರಿ ಕತ್ತಲೆ ಆಗುತ್ತದೆ. ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು, ಎಷ್ಟು ಉಜ್ಜಿದರೂ ಹೋಗಲ್ಲ. ಆಕ್ಸಾಲಿಕ್ ಆಸಿಡ್ ಪುಡಿ ಬಿಸಿನೀರಲ್ಲಿ ಕರಗಿಸಿ ಹಚ್ಚಿದರೆ ತಿಳಿಯಾಗುತ್ತದೆ. ವಿಷ ಅದು, ಗ್ಲೌಸ್ ಹಾಕಿ, ಮಗುವಿನ ಕೈಗೆ ಸಿಗದ ಹಾಗೆ ಇಡಿ, ಆಮೇಲೆ ನೀರಿನ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ.

ಬಣ್ಣ ಪೂರ್ತಿ ಹೋಗಿದೆ, ಸಂದಿಯಲ್ಲೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ 120, 180, 220 ನಂಬರ್ (ನಂಬರ್ ಹೆಚ್ಚಿದಷ್ಟೂ ನಯ) ಈ ಕ್ರಮದಲ್ಲಿ ಸ್ಯಾಂಡ್‌ಪೇಪರ್, ಮರದ ಗೆರೆಯ ಉದ್ದಕ್ಕೆ ಮಾತ್ರ. ಆಗಲೂ ಹೊರಗೆ, ಮಾಸ್ಕ್ ಹಾಕಿಕೊಂಡು. 60, 80ರಿಂದ ಶುರು ಮಾಡಿದರೆ ಬಿದ್ದ ಗೀರು ತೆಗೆಯಲಿಕ್ಕೇ ಒಂದು ವಾರ ಬೇಕು, ಪಾಲಿಶ್ ಬಿದ್ದ ಮೇಲೆ ಆ ಗೀರುಗಳು ಇನ್ನೂ ಎದ್ದು ಕಾಣುತ್ತವೆ. ಹಳೇ ಬಡಗಿಗಳು ಒಡೆದ ಗಾಜಿನ ಅಂಚಿನಲ್ಲಿ ಮರ ಕೆರೆಯುತ್ತಿದ್ದರು. ಅದು ಸ್ಯಾಂಡ್‌ಪೇಪರಿಗಿಂತ ನಯವಾಗಿ ಬರುತ್ತದೆ, ಆದರೆ ಕೈ ಪಳಗಿರಬೇಕು, ನೀವು ಪ್ರಯತ್ನಿಸಬೇಡಿ.

ಇದಕ್ಕೆ ಅರಗಿನ ಪಾಲಿಶ್ ಹೊರಮೈಗೆ ಬೇಡ. ಅಡುಗೆಮನೆಗೆ ಹೋಗುವುದಾದರೆ ಬಿಸಿ, ನೀರು, ಸ್ಯಾನಿಟೈಸರ್ ಮೂರೂ ಅರಗಿಗೆ ಆಗಿಬರುವುದಿಲ್ಲ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ಎಷ್ಟು ಮನೆಯ ಮೇಜುಗಳ ಪಾಲಿಶ್ ಎದ್ದುಹೋಗಿದೆ ನೋಡಿದ್ದೇನೆ, ಅದರಲ್ಲಿ ಇರುವುದೂ ಸ್ಪಿರಿಟೇ ತಾನೇ. ಒಂದೇ ಡಬ್ಬಿಯಲ್ಲಿ ಬರುವ ಪಿಯು ವಾರ್ನಿಶ್ ತಗೊಳ್ಳಿ, ಮ್ಯಾಟ್ ಕೇಳಿ, ಹಳೇ ಮರಕ್ಕೆ ಗ್ಲಾಸಿ ಚೆನ್ನಾಗಿರುವುದಿಲ್ಲ. ಬ್ರಶ್‌ನಲ್ಲಿ ತೆಳ್ಳಗೆ ಮೂರು ಕೈ, ನಡುವೆ 320ರಲ್ಲಿ ಹಗುರಾಗಿ ಉಜ್ಜಿ ಧೂಳು ಒರೆಸಿ. ಎರಡು ಡಬ್ಬಿ ಕಲಸಿ ಸ್ಪ್ರೇ ಮಾಡುವ ಪಿಯು ಗಟ್ಟಿ ನಿಜ, ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಸರಿಯಾದ ಮುಖವಾಡ ಇಲ್ಲದೆ ಸ್ಪ್ರೇ ಮಾಡಿದರೆ ಆಸ್ತಮಾ ಗಂಟು ಬೀಳುತ್ತದೆ. ಮೆಲಮೈನ್‌ನ ಆ ಕಣ್ಣುರಿ ವಾಸನೆ ಫಾರ್ಮಾಲ್ಡಿಹೈಡ್. ಎರಡೂ ಮನೆಯೊಳಗೆ ಕೂತು ಮಾಡುವ ಕೆಲಸ ಅಲ್ಲ.

ಒಳಗಡೆ ಮರ ತೆರೆದೇ ಇದ್ದರೆ ತೆಳು ಅರಗು ಎರಡು ಕೈ. ಹಳೇ ಮಸಾಲೆ, ಎಣ್ಣೆ ವಾಸನೆಯನ್ನು ಅದು ಮುಚ್ಚಿ ಹಾಕುತ್ತದೆ. ಅಗಸೆ ಎಣ್ಣೆಯನ್ನು ಕಪಾಟಿನ ಒಳಗೆ ಹಚ್ಚಬೇಡಿ, ಬಾಗಿಲು ಮುಚ್ಚಿರುವ ಜಾಗದಲ್ಲಿ ಮುಗ್ಗು ವಾಸನೆ ತಿಂಗಳುಗಟ್ಟಲೆ ಹೋಗಲ್ಲ. ಮತ್ತೆ ಆ ಎಣ್ಣೆ ಬಟ್ಟೆಗಳು! ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆ ಬೆರೆತ ವಾರ್ನಿಶ್ ಬಟ್ಟೆಗೂ ಇದೇ ಭಯ. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಸ್ಪಿರಿಟ್ ಕೆಲಸ ಮಾಡುವಾಗ ದೇವರ ಮನೆಯ ದೀಪ, ಗ್ಯಾಸ್ ಒಲೆ ಎರಡೂ ಆರಿರಲಿ. ಅರಗಿನ ಅರಮನೆಯ ಕಥೆ ನಿಮ್ಮ ಮನೆಯಲ್ಲಿ ನಡೆಯುವುದು ಬೇಡ.

---

ತುಂಗೆತಟ ಬರೆದದ್ದು:

ನಗು ಬಂತು, ಭಯವೂ ಆಯ್ತು. ಸರಿ, ಹಸಿರು ಕಪಾಟನ್ನು ವರಾಂಡಕ್ಕೆ ಸಾಗಿಸಿದೆವು, ಮಗನಿಗೆ ಆ ಕಡೆ ಪ್ರವೇಶ ಇಲ್ಲ. ಪಾಲಿಶ್ ದೀಪಾವಳಿಯ ನಂತರವೇ. ಬೀಟೆ ಕಪಾಟಿನ ಒಂದು ಪಕ್ಕ ಟರ್ಪೆಂಟೈನ್‌ನಲ್ಲಿ ಒರೆಸಿದೆ, ಬಟ್ಟೆ ಇದ್ದಿಲಿನ ಬಣ್ಣ. ನೇರಳೆ ಗೆರೆಗಳು ಈಗಲೇ ಕಾಣುತ್ತಿವೆ. ನಮ್ಮ ಮನೆಯವರು ಸುಮ್ನೆ ಬಂದು ನಿಂತು ನೋಡಿ ಹೋದರು, ಏನೂ ಹೇಳಲಿಲ್ಲ, ಅದೇ ದೊಡ್ಡ ಸರ್ಟಿಫಿಕೇಟ್.

ಇನ್ನೆರಡು ಪ್ರಶ್ನೆ. ಹಲಸಿನ ಕಪಾಟು ಸರಿಸಿದಾಗ ಕೆಳಗೆ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿತ್ತು, ಹಿಂದಿನ ಹಲಗೆಯಲ್ಲಿ ಸೂಜಿ ತೂತಿನ ಹಾಗೆ ಇವೆ. ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿದೆಯಾ? ಮತ್ತೆ ಬಾಗಿಲಿನ ಹಿತ್ತಾಳೆ ಕೀಲುಗಳ ಸ್ಕ್ರೂಗಳು ಅಲುಗಾಡುತ್ತಿಲ್ಲ, ತಲೆಯ ಗೀಟು ಬಣ್ಣದಲ್ಲಿ ಮುಚ್ಚಿದೆ.

---

ಕುಂದಾಪ್ರದವ ಬರೆದದ್ದು:

ಕುಟ್ಟೆಯೇ. ಈಗಲೂ ಜೀವಂತ ಇದೆಯಾ ಅಂತ ನೋಡಬೇಕು. ನೆಲ ಗುಡಿಸಿ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಒಳಗಿದೆ. ಹೊಸ ತೂತಿನ ಒಳಭಾಗ ತಿಳಿ ಬಣ್ಣ ಇರುತ್ತದೆ, ಹಳೇ ತೂತು ಕಪ್ಪು. ಕುಟ್ಟೆ ಸಾಮಾನ್ಯವಾಗಿ ಮರದ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಚೇಗಿಗೆ ಅಷ್ಟಾಗಿ ಹೋಗುವುದಿಲ್ಲ. ಹಿಂದಿನ ಹಲಗೆಗೆ ಅಂಥ ಮರ ಹಾಕಿರುತ್ತಾರೆ, ಬಾಗಿಲುಗಳು ಚೆನ್ನಾಗಿಯೇ ಇರುತ್ತವೆ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ, ಪುಸಕ್ಕನೆ ಒಳಗೆ ಹೋದರೆ ಆ ಹಲಗೆ ಬದಲಿಸುವುದೇ ಸುಲಭ. ಗಟ್ಟಿ ಇದ್ದರೆ ಮರದ ಹುಳಕ್ಕೆ ಅಂತಲೇ ಸಿಗುವ ಔಷಧವನ್ನು ಸಿರಿಂಜ್‌ನಲ್ಲಿ ತೂತು ತೂತಿಗೂ ಹಾಕಿ, ಬಣ್ಣ ಇಲ್ಲದ ಕಡೆ ಬ್ರಶ್‌ನಲ್ಲೂ ಬಳಿಯಿರಿ, ಪ್ಲಾಸ್ಟಿಕ್ ಸುತ್ತಿ ಬಿಡಿ. ಇದು ವಾರ್ನಿಶ್‌ಗಿಂತ ಮುಂಚೆಯೇ ಆಗಬೇಕು, ವಾರ್ನಿಶ್ ಕೂತ ಮೇಲೆ ಔಷಧ ಇಳಿಯುವುದಿಲ್ಲ. ಅಲ್ಲಿಯವರೆಗೆ ಬೀಟೆ ಕಪಾಟಿನ ಪಕ್ಕ ಇಡಬೇಡಿ.

---

ಉಳಿಸುತ್ತಿಗೆ ಬರೆದದ್ದು:

ಸ್ಕ್ರೂಗೆ ಜೋರು ಮಾಡಬೇಡಿ, ಹಿತ್ತಾಳೆ ಸ್ಕ್ರೂ ಆದರೆ ತಲೆ ಮುರಿದು ಮರದೊಳಗೇ ಉಳಿಯುತ್ತದೆ. ಮೊದಲು ರಿಮೂವರ್ ಹಚ್ಚಿ ಗೀಟಿನ ಬಣ್ಣವನ್ನು ಗುಂಡುಸೂಜಿಯಿಂದ ಪೂರ್ತಿ ಕೆದಕಿ ತೆಗೆಯಿರಿ. ರಿಮೂವರ್ ಒರೆಸಿ ಒಣಗಿದ ಮೇಲೆ ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ತಣ್ಣಗಾಗಲು ಬಿಡಿ. ಲೋಹ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಗೀಟಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ತಗೊಂಡು ಮೊದಲು ಒಂಚೂರು ಬಿಗಿ ಕಡೆ ತಿರುಗಿಸಿ, ಆಮೇಲೆ ಸಡಿಲ ಕಡೆ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಬಾಗಿಲಿಗೂ ಅದರ ಹಿತ್ತಾಳೆ ಕೀಲುಗಳಿಗೂ ಒಂದೇ ನಂಬರ್ ಬರೆದು ಅಂಟಿಸಿ, ಕೈಯಲ್ಲಿ ಮಾಡಿದ ಕಪಾಟಿನಲ್ಲಿ ಎರಡು ಬಾಗಿಲು ಒಂದೇ ಅಳತೆ ಇರುವುದಿಲ್ಲ.

ಹಿತ್ತಾಳೆಗೆ ಹುಣಸೆಹಣ್ಣು ಸಾಕು. ತೊಳೆದು ಪೂರ್ತಿ ಒಣಗಿಸಿ ಆಮೇಲೆ ಹಾಕಿ. ವಾಪಸ್ ಹಾಕುವಾಗ ಸ್ಕ್ರೂವಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ, ಸಲೀಸಾಗಿ ಇಳಿಯುತ್ತದೆ. ತೂತು ದೊಡ್ಡದಾಗಿದ್ದರೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಸಮ ಕತ್ತರಿಸಿ, ಸಣ್ಣ ತೂತು ಕೊರೆದು ಅದೇ ಹಳೇ ಸ್ಕ್ರೂ ಹಾಕಿ. ದೊಡ್ಡ ಸ್ಕ್ರೂ ಹಾಕಲು ಹೋಗಬೇಡಿ, ಹಲಸು ಅಂಚಿನಲ್ಲಿ ಸೀಳಿಬಿಡುತ್ತದೆ.